ಫ್ರೀಸ್ಟೈಲ್ ಡ್ಯಾನ್ಸರ್‌ಗಳೆಲ್ಲ ಸೇರಿ ಕೊರಿಯೋಗ್ರಫಿ ಕಟ್ಟುವುದು ಹೇಗೆ?

ಓದುಗರ ಪ್ರಶ್ನೆ: "ಫ್ರೀಸ್ಟೈಲ್ ಅಂದರೆ ಆ ಹೊತ್ತಿಗೆ ಮೈಗೆ ಬಂದದ್ದನ್ನು ಕುಣಿಯುವುದು. ಹಾಗಿದ್ದ ಮೇಲೆ ಬ್ರೇಕಿಂಗ್, ಪಾಪಿಂಗ್, ಕ್ರಂಪ್ ಅಂತ ಬೇರೆ ಬೇರೆ ಸ್ಟೈಲಿನವರೆಲ್ಲ ಸೇರಿ ಒಂದು ಕೊರಿಯೋಗ್ರಫಿ ಮಾಡುವುದು ಹೇಗೆ? ಕೊನೆಗೆ ಎಲ್ಲರೂ ಒಂದೇ ಥರ ಆಗಿಬಿಡಲ್ವಾ?"

ಆಗಬಹುದು. ಎಷ್ಟೋ ತಂಡಗಳಲ್ಲಿ ಆಗುತ್ತದೆ ಕೂಡ. ಎಂಟು ಕೌಂಟ್ (ಎಂಟು ಬೀಟಿನ ಒಂದು ಸುತ್ತು) ನೆಲಕ್ಕಿಳಿದು ತಿರುಗುವ ಬ್ರೇಕಿಂಗ್, ಎಂಟು ಕೌಂಟ್ ಸ್ನಾಯುಗಳನ್ನು ಝಟಕಾಯಿಸುವ ಪಾಪಿಂಗ್, ಆಮೇಲೆ ಎಲ್ಲರೂ ಸಾಲಾಗಿ ನಿಂತು ಒಂದೇ ಸ್ಟೆಪ್ಪು. ಬ್ರೇಕರ್ ಅರೆಬರೆ ಪಾಪಿಂಗ್ ಮಾಡುತ್ತಾನೆ, ಪಾಪರ್ ಮಂಡಿ ಕೆತ್ತಿಸಿಕೊಂಡು ನೆಲಕ್ಕಿಳಿಯುತ್ತಾಳೆ, ನೋಡುವವರಿಗೆ ಎರಡೂ ದಕ್ಕುವುದಿಲ್ಲ. ಸ್ಟೆಪ್ಪುಗಳನ್ನೇ ಹೊಲಿಯಲು ಹೊರಟರೆ ಆಗುವ ಪಾಡು ಇದು. ಚೆನ್ನಾಗಿ ಮಾಡುವವರು ಸ್ಟೆಪ್ಪನ್ನು ಆಯಾ ಡ್ಯಾನ್ಸರ್‌ಗೇ ಬಿಡುತ್ತಾರೆ. ಯಾರು ಯಾವಾಗ ಬರಬೇಕು, ಎಲ್ಲಿ ನಿಲ್ಲಬೇಕು, ಯಾವ ಸದ್ದಿಗೆ ಜಾಗ ಬಿಟ್ಟುಕೊಡಬೇಕು ಅನ್ನುವುದನ್ನು ಮಾತ್ರ ಗಟ್ಟಿ ಮಾಡಿಕೊಳ್ಳುತ್ತಾರೆ.

ಫ್ರೀಸ್ಟೈಲ್ ಅಂದರೆ ಏನೂ ತಯಾರಿ ಇಲ್ಲದೆ ಕುಣಿಯುವುದು ಅನ್ನುವ ಕಲ್ಪನೆಯನ್ನು ಮೊದಲು ಬಿಟ್ಟುಬಿಡಿ. 2024ರ ಆಗಸ್ಟ್ 9 ಮತ್ತು 10ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರೇಕಿಂಗ್ ನಡೆಯಿತಲ್ಲ, ಅಲ್ಲಿ ಡಿಜೆ ಯಾವ ಹಾಡು ಹಾಕುತ್ತಾರೆ ಅಂತ ಸ್ಪರ್ಧಿಗಳಿಗೆ ಮೊದಲೇ ಗೊತ್ತಿರಲಿಲ್ಲ. ಚಿನ್ನ ಗೆದ್ದ ಜಪಾನಿನ ಅಮಿ, ಕೆನಡಾದ ಫಿಲ್ ವಿಜರ್ಡ್ ಇಬ್ಬರಿಗೂ ಅದೇ ಪರಿಸ್ಥಿತಿ. ಆದರೆ ಅವರ ಟಾಪ್‌ರಾಕ್ (ನಿಂತು ಹಾಕುವ ಹೆಜ್ಜೆ), ಫುಟ್‌ವರ್ಕ್ (ನೆಲಕ್ಕೆ ಕೈಯೂರಿ ಮಾಡುವ ಕಾಲಾಟ), ಫ್ರೀಜ್ (ಒಂದು ಭಂಗಿಯಲ್ಲಿ ಗಕ್ಕನೆ ನಿಲ್ಲುವುದು) ಎಲ್ಲ ವರ್ಷಗಟ್ಟಲೆ ತಿದ್ದಿದ್ದು. ಒಂದಕ್ಕೊಂದು ಅಂಟಿಸಿ ಇಟ್ಟುಕೊಂಡ ತುಣುಕುಗಳಿಗೆ ಬ್ರೇಕರ್‌ಗಳು ‘ಸೆಟ್’ ಅನ್ನುತ್ತಾರೆ. ಆ ಹೊತ್ತಿನಲ್ಲಿ ಹುಟ್ಟುವುದು ಆಯ್ಕೆ: ಈ ಬೀಟಿಗೆ ಇದನ್ನು ಬಿಡಲೋ, ಅದನ್ನು ಬಿಡಲೋ, ಎದುರಿನವನು ಈಗ ಮಾಡಿದ್ದಕ್ಕೆ ಹೇಗೆ ಉತ್ತರ ಕೊಡಲಿ.

ತಾಳಮದ್ದಳೆ ಕೇಳಿದವರಿಗೆ ಇದನ್ನು ವಿವರಿಸುವುದೇ ಬೇಡ. ಪ್ರಸಂಗದ ಪದ್ಯ ಮೊದಲೇ ಬರೆದಿದ್ದು, ಭಾಗವತರು ಅದನ್ನೇ ಹಾಡುತ್ತಾರೆ, ಯಾರು ಸೋಲಬೇಕು ಅನ್ನುವುದೂ ಎಲ್ಲರಿಗೂ ಗೊತ್ತು. ಪದ್ಯ ಮುಗಿದ ಮೇಲೆ ಅರ್ಥಧಾರಿ ಏನು ಮಾತಾಡುತ್ತಾರೆ, ಎದುರಿನ ಅರ್ಥಧಾರಿ ಅದನ್ನು ಹೇಗೆ ತಿರುಗಿಸುತ್ತಾರೆ ಅನ್ನುವುದು ಮಾತ್ರ ಆವತ್ತಿನದು. ಫ್ರೀಸ್ಟೈಲ್ ಡ್ಯಾನ್ಸರ್‌ಗಳು ಕೂಡಿ ಕಟ್ಟುವ ಕೊರಿಯೋಗ್ರಫಿಯ ಒಳಗಿನ ಕೆಲಸವೂ ಹೆಚ್ಚುಕಮ್ಮಿ ಹೀಗೇ.

ಬ್ರೇಕಿಂಗ್ ಲೋಕದಲ್ಲಿ ಫ್ರೀಸ್ಟೈಲ್ ಮತ್ತು ಕೊರಿಯೋಗ್ರಫಿಯ ನಂಟು ಹಳೆಯದು. 1990ರಲ್ಲಿ ಜರ್ಮನಿಯ ಹ್ಯಾನೋವರ್‌ನಲ್ಲಿ ಶುರುವಾದ ಬ್ಯಾಟಲ್ ಆಫ್ ದಿ ಇಯರ್ ಸ್ಪರ್ಧೆಯಲ್ಲಿ ತಂಡಗಳು ಮೊದಲು ತಯಾರಿ ಮಾಡಿದ ಶೋ ಕೊಡಬೇಕು, ಅದರಲ್ಲಿ ಮುಂದೆ ಬಂದವರು ಆಮೇಲೆ ಬ್ಯಾಟಲ್, ಅಂದರೆ ಎದುರುಬದುರು ನಿಂತು ಕುಣಿತದ ಪೈಪೋಟಿ, ಮಾಡಬೇಕು. ಅಂದರೆ ಒಂದೇ ತಂಡಕ್ಕೆ ಎರಡೂ ಬರಬೇಕು. ಬ್ಯಾಟಲ್ ನಡುವೆಯೂ ‘ರುಟೀನ್’ ಅಂತ ಚಿಕ್ಕ ಚಿಕ್ಕ ಗುಂಪು ತುಣುಕುಗಳು ಬರುತ್ತವೆ. ನಾಲ್ಕು ಜನ ಸೇರಿ ಒಬ್ಬನನ್ನು ಎತ್ತಿ ವೃತ್ತದೊಳಕ್ಕೆ ಎಸೆಯುತ್ತಾರೆ, ಅವನು ನೆಲ ಮುಟ್ಟಿದ ಕ್ಷಣದಿಂದ ಮುಂದಿನದೆಲ್ಲ ಅವನ ಫ್ರೀಸ್ಟೈಲ್. ಆ ಎಸೆತದ ಟೈಮಿಂಗ್ ಕೊರಿಯೋಗ್ರಫಿ, ಇಳಿದ ಮೇಲಿನ ಮಜಾ ಅವನದು.

ಆದರೆ ಅಲ್ಲಿ ಎಲ್ಲರೂ ಒಂದೇ ಸ್ಟೈಲಿನವರು. ನಿಮ್ಮ ಪ್ರಶ್ನೆ ಬೇರೆ ಬೇರೆ ಸ್ಟೈಲಿನವರ ಬಗ್ಗೆ. ಅದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಪ್ಯಾರಿಸ್‌ನದು.

2019ರಲ್ಲಿ ಪ್ಯಾರಿಸ್‌ನ ಬಾಸ್ಟೀಲ್ ಒಪೆರಾದಲ್ಲಿ ‘ಲೆಸ್ ಆಂಡ್ ಗಲಾಂಟ್’ ಆಡಿದರು. ಜಾನ್ ಫಿಲಿಪ್ ರಾಮೋ 1735ರಲ್ಲಿ ಬರೆದ, ಹಾಡು ಕುಣಿತ ಎರಡೂ ಇರುವ ಒಪೆರಾ ಬ್ಯಾಲೆ ಇದು. ನಿರ್ದೇಶಕ ಕ್ಲೆಮಾನ್ ಕೊಜಿಟೋರ್, ಕೊರಿಯೋಗ್ರಫಿ ಬಿಂಟು ಡೆಂಬೆಲೆ. ಆಕೆ ಫ್ರಾನ್ಸಿನ ಹಿಪ್‌ಹಾಪ್‌ನಲ್ಲಿ ಬೆಳೆದು ಬಂದವರು, 2002ರಿಂದ ತಮ್ಮದೇ ತಂಡ ನಡೆಸುವವರು. ವೇದಿಕೆಗೆ ಬಂದದ್ದು ಸುಮಾರು 30 ಡ್ಯಾನ್ಸರ್‌ಗಳು: ಕ್ರಂಪ್, ಬ್ರೇಕ್, ಪಾಪಿಂಗ್, ವೋಗಿಂಗ್ (ಮಾಡೆಲ್ ಭಂಗಿಗಳಿಂದ ಕಟ್ಟಿದ ಕುಣಿತ), ಹೀಗೆ ಒಬ್ಬೊಬ್ಬರದು ಒಂದೊಂದು ದಾರಿ. ಜೊತೆಗೆ ಹಾಡುಗಾರರು, ಕೋರಸ್ಸು, ಲೈವ್ ಆರ್ಕೆಸ್ಟ್ರಾ.

ಇದಕ್ಕೆ ಬೀಜ ಬಿದ್ದದ್ದು 2017ರಲ್ಲಿ, ಕೊಜಿಟೋರ್ ಮಾಡಿದ ಐದಾರು ನಿಮಿಷದ ಕಿರುಚಿತ್ರದಿಂದ. ರಾಮೋನ ‘ಲೆ ಸೊವಾಜ್’ ಅನ್ನುವ ನೃತ್ಯಸಂಗೀತಕ್ಕೆ ಕ್ರಂಪ್ ಡ್ಯಾನ್ಸರ್‌ಗಳು ವೃತ್ತ ಕಟ್ಟಿ ಎದುರುಬದುರಾಗುತ್ತಾರೆ, ಅಷ್ಟೇ ಚಿತ್ರ. ಆ ಸಂಗೀತದ ಹಿಂದಿನ ಕಥೆ ಕೇಳಿ. 1725ರಲ್ಲಿ ಫ್ರೆಂಚರು ಲೂಯಿಸಿಯಾನಾದಿಂದ ಕರೆತಂದ ಮೂಲನಿವಾಸಿಗಳು ಪ್ಯಾರಿಸ್‌ನ ರಂಗದ ಮೇಲೆ ಕುಣಿದಿದ್ದರು, ಅದನ್ನು ನೋಡಿ ಬಂದು ರಾಮೋ ಮೊದಲು ಹಳೆಕಾಲದ ಕೀಲಿಮಣೆ ವಾದ್ಯ ಹಾರ್ಪ್ಸಿಕಾರ್ಡ್‌ಗೆ ಈ ತುಣುಕು ಬರೆದ, ಆಮೇಲೆ ಒಪೆರಾಕ್ಕೆ ಸೇರಿಸಿದ. ‘ಕಾಡುಜನ’ರ ಕುಣಿತ ಅಂತ ಅದಕ್ಕೆ ಹೆಸರು ಬೇರೆ! ಕ್ರಂಪ್ ಹುಟ್ಟಿದ್ದು 2000ದ ಆಸುಪಾಸಿನಲ್ಲಿ, ಲಾಸ್ ಏಂಜಲೀಸ್‌ನ ಸೌತ್ ಸೆಂಟ್ರಲ್‌ನ ಕಪ್ಪು ಹುಡುಗರ ನಡುವೆ, ಟೈಟ್ ಐಜ್ ಮತ್ತು ಬಿಗ್ ಮಿಹೋ ಕಟ್ಟಿ ಬೆಳೆಸಿದ್ದು. ಕಾಲು ಅಪ್ಪಳಿಸುವುದು, ಎದೆ ಸಿಡಿಸುವುದು, ಕೈ ಬೀಸುವುದು. ನೋಡಿದರೆ ಜಗಳ ಅನ್ನಿಸುತ್ತದೆ, ಆದರೆ ಸುತ್ತ ನಿಂತವರು ಕೂಗಿ ಕೂಗಿ ಕುಣಿಯುವವನಿಗೆ ಕಸುವು ತುಂಬುತ್ತಿರುತ್ತಾರೆ. ಆ ಸಂಗೀತಕ್ಕೆ ಈ ಕುಣಿತವನ್ನು ಕೂಡಿಸಿದ್ದು ಸುಮ್ನೆ ಚಂದಕ್ಕಲ್ಲ.

ಇಲ್ಲಿ ನಮ್ಮ ಪ್ರಶ್ನೆಗೆ ಬೇಕಾದ್ದು ಆ ವೃತ್ತ. ಕ್ರಂಪ್‌ನವರ ಸೆಷನ್ ನಡೆಯುವುದೇ ವೃತ್ತದಲ್ಲಿ. ಅವರನ್ನು ಸಾಲಾಗಿ ನಿಲ್ಲಿಸಿ ಪ್ರೇಕ್ಷಕರ ಕಡೆ ಮುಖ ಮಾಡಿಸಿದರೆ ಅರ್ಧ ಶಕ್ತಿ ಅಲ್ಲೇ ಸೋರಿಹೋಗುತ್ತದೆ, ಯಾಕೆಂದರೆ ಯಾರಿಗೆ ಉತ್ತರ ಕೊಡಬೇಕೋ ಅವರು ಕಣ್ಣೆದುರು ಇರುವುದಿಲ್ಲ. ವೃತ್ತವನ್ನು ಹಾಗೇ ಉಳಿಸಿಕೊಂಡು, ಅದು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಅಂತ ಕೂಡಿಸುವುದೇ ಕೊರಿಯೋಗ್ರಫರ್ ಕೆಲಸ. ಇನ್ನೊಂದು ವಿಷಯ. ಕಿರುಚಿತ್ರದಲ್ಲಿ ಕೊರಿಯೋಗ್ರಫಿಗೆ ಮೂರು ಹೆಸರುಗಳಿವೆ: ಬಿಂಟು ಡೆಂಬೆಲೆ, ಗ್ರಿಷ್ಕಾ, ಬ್ರಾಹಿಂ ರಶೀಕಿ. ನನಗೆ ಅದು ತುಂಬಾ ಇಷ್ಟವಾದ ಸಂಗತಿ.

ಇನ್ನೊಂದು ದಾರಿಯೂ ಇದೆ. ಫ್ರಾನ್ಸಿನದೇ ಕೊರಿಯೋಗ್ರಫರ್ ಮುರಾದ್ ಮೆರ್ಜುಕಿ 2006ರಲ್ಲಿ ಲಿಯಾನ್ ನೃತ್ಯೋತ್ಸವದಲ್ಲಿ ರಿಯೋ ಡಿ ಜನೈರೋದ ಹುಡುಗರನ್ನು ಭೇಟಿಯಾಗಿ, 2008ರಲ್ಲಿ ಅವರಿಗಾಗಿ ‘ಅಗ್ವಾ’ ಮಾಡಿದರು. ವೇದಿಕೆ ತುಂಬ ನೀರಿನ ಪ್ಲಾಸ್ಟಿಕ್ ಲೋಟಗಳು. ಹಿಪ್‌ಹಾಪ್, ಸಾಂಬಾ, ಕಪೋಯೇರಾ (ಕುಣಿತ ಬೆರೆತ ಬ್ರೆಜಿಲ್ಲಿನ ಕಾಳಗಕಲೆ) ಏನೇ ಮಾಡಿ, ಲೋಟಗಳ ನಡುವೆ ಮಾಡಬೇಕು. ಎಲ್ಲರಿಗೂ ಒಂದೇ ತೊಡಕು ಕೊಟ್ಟರೆ ಸ್ಟೈಲ್ ಬೇರೆ ಇದ್ದರೂ ಮೈಯ ಎಚ್ಚರ ಒಂದೇ ಆಗಿಬಿಡುತ್ತದೆ. ಸ್ಟೆಪ್ಪು ಒಂದೇ ಮಾಡುವ ಅಗತ್ಯವೇ ಬೀಳುವುದಿಲ್ಲ.

ಸರಿ, ನಿಮ್ಮ ಐದಾರು ಜನರ ಗುಂಪಿಗೆ ಇದು ಹೇಗೆ ಅನ್ವಯಿಸುತ್ತದೆ? ಮೊದಲ ಜಗಳ ಬರುವುದು ಹಾಡಿನ ವೇಗದಲ್ಲಿ. ಹೌಸ್ (ಕ್ಲಬ್ ಸಂಗೀತಕ್ಕೆ ಚುರುಕಾಗಿ ಕಾಲಾಡಿಸುವ ಸ್ಟೈಲ್) ಡ್ಯಾನ್ಸರ್‌ಗಳ ಕಾಲಿಗೆ ನಿಮಿಷಕ್ಕೆ 120ರಿಂದ 130 ಬೀಟ್ ಅಭ್ಯಾಸ, ಪಾಪಿಂಗ್‌ನ ಹಳೆ ಫಂಕ್ ಹಾಡುಗಳು ಸಾಮಾನ್ಯವಾಗಿ ಅದಕ್ಕಿಂತ ನಿಧಾನ. ಇಬ್ಬರಿಗೂ ನಡುವಿನ ಒಂದು ವೇಗ ಹುಡುಕಿದರೆ ಇಬ್ಬರೂ ಪೆಚ್ಚಾಗುತ್ತಾರೆ. ಅದಕ್ಕಿಂತ ಒಂದೇ ಹಾಡಿನಲ್ಲಿ ಹೌಸ್‌ನವನು ಪ್ರತಿ ಬೀಟಿಗೆ ಕಾಲಾಡಿಸಲಿ, ಪಾಪರ್ ಎರಡು ಬೀಟಿಗೊಮ್ಮೆ ಹಿಟ್ (ಸ್ನಾಯುವಿನ ಝಟಕಾ) ಕೊಡಲಿ. ಹಾಡು ಒಂದೇ, ಅದರೊಳಗೆ ಕೇಳಿಸಿಕೊಳ್ಳುವುದು ಬೇರೆ ಬೇರೆ. ಒಬ್ಬರು ಬಾಸ್ ಹಿಡಿದರೆ ಇನ್ನೊಬ್ಬರು ಡ್ರಮ್ಮಿನ ಹೈಹ್ಯಾಟ್ ತಾಳದ ಸದ್ದು ಹಿಡಿಯಬಹುದು.

ಆಮೇಲೆ ಒಬ್ಬರಿಂದೊಬ್ಬರು ಕಲಿಯುವುದು. ಇಲ್ಲಿ ಸ್ಟೆಪ್ಪಿಗಿಂತ ಮೊದಲು ಗ್ರೂವ್, ಅಂದರೆ ಹಾಡಿಗೆ ಮೈ ತೂಗುವ ಲಯ, ಕಲಿಯಿರಿ. ಬ್ರೇಕರ್ ತನ್ನ ಟಾಪ್‌ರಾಕ್‌ನ ತೂಗಾಟ ತೋರಿಸಲಿ, ಹೌಸ್‌ನವನು ತನ್ನ ಜ್ಯಾಕ್ (ಎದೆಯನ್ನು ಅಲೆಯಂತೆ ಆಡಿಸುವುದು) ತೋರಿಸಲಿ, ಉಳಿದವರು ಹಾಡು ಹಾಕಿಕೊಂಡು ಹತ್ತು ಹದಿನೈದು ನಿಮಿಷ ಅದರಲ್ಲೇ ಇರಲಿ. ಇದರಿಂದ ಯಾರೂ ಬ್ರೇಕರ್ ಆಗುವುದಿಲ್ಲ, ಆದರೆ ಅವನು ಯಾವಾಗ ನೆಲಕ್ಕಿಳಿಯಲಿದ್ದಾನೆ ಅಂತ ಮೈಗೆ ಮುಂಚೆಯೇ ತಿಳಿಯುತ್ತದೆ. ಡಿಕ್ಕಿ ತಪ್ಪಿಸಲಿಕ್ಕಾದರೂ ಇದು ಬೇಕು! ಪವರ್‌ಮೂವ್ (ನೆಲದ ಮೇಲೆ ಗಿರಗಿರ ತಿರುಗುವ ವರಸೆ) ತಿರುಗುವವನ ಕಾಲು ಎಷ್ಟು ಜಾಗ ತಿನ್ನುತ್ತದೆ ಅಂತ ಏಟು ತಿಂದವರನ್ನು ಕೇಳಿ.

ಮೂರನೆಯದು ಫೋನ್. ಎಲ್ಲರೂ ಒಟ್ಟಿಗೆ ಸೈಫರ್ ಮಾಡಿ, ಅಂದರೆ ವೃತ್ತದಲ್ಲಿ ಸರದಿಯಂತೆ ಫ್ರೀಸ್ಟೈಲ್ ಮಾಡಿ, ಪೂರ್ತಿ ವಿಡಿಯೋ ತೆಗೆಯಿರಿ. ನೋಡುವಾಗ ಒಳ್ಳೆ ಮೂವ್ ಹುಡುಕಬೇಡಿ. ಇಬ್ಬರ ನಡುವೆ ಏನೋ ಹತ್ತಿಕೊಂಡ ಜಾಗ ಹುಡುಕಿ: ಒಬ್ಬಳು ಮುಗಿಸಿದ ಭಂಗಿಯನ್ನೇ ಇನ್ನೊಬ್ಬ ಶುರುವಿಗೆ ಎತ್ತಿಕೊಂಡದ್ದು, ಹಾಡಿನ ಬ್ರೇಕಿಗೆ ಇಬ್ಬರೂ ಒಟ್ಟಿಗೆ ನಿಂತುಬಿಟ್ಟದ್ದು. ಅಂಥ ನಾಲ್ಕೈದು ಜಾಗಗಳೇ ನಿಮ್ಮ ಕೊರಿಯೋಗ್ರಫಿಯ ಗೂಟಗಳು. ನಡುವಿನದನ್ನು ಖಾಲಿ ಬಿಡಿ. ಇಲ್ಲಿ ಎರಡು ಸಲ ಎಂಟು ಕೌಂಟ್ ಕಾಲ ನಿನ್ನದು, ಹೊರಗೆ ಬರುವಾಗ ಎಡಗಡೆಯಿಂದಲೇ ಬಾ, ಇಷ್ಟೇ ಮಾತು. ಎಲ್ಲರೂ ಕೂಡಿ ಒಂದೇ ಸ್ಟೆಪ್ ಮಾಡುವ ಜಾಗ ಇರಲಿ, ಆದರೆ ಕಡಿಮೆ ಇರಲಿ. ಅದು ಬಂದಾಗ ಏಟಿನ ಹಾಗೆ ಬೀಳಬೇಕು.

ಇನ್ನು ಜನ ಜಾಸ್ತಿ ಮಾತಾಡದ ವಿಷಯ. ಬೇರೆಯವರ ಮೂವ್ ಕದಿಯುವುದಕ್ಕೆ ಈ ಲೋಕದಲ್ಲಿ ‘ಬೈಟಿಂಗ್’ ಅನ್ನುತ್ತಾರೆ, ಅದು ಮರ್ಯಾದೆಯ ಪ್ರಶ್ನೆ. ಒಟ್ಟಿಗೆ ಅಭ್ಯಾಸ ಮಾಡುವಾಗ ಒಬ್ಬರ ಮೂವ್ ಇನ್ನೊಬ್ಬರ ಮೈಗೆ ಹತ್ತುವುದು ಸಹಜ, ಹಾಗಾಗಿ ಇದು ಕೊಟ್ಟದ್ದಾ, ತೆಗೆದುಕೊಂಡದ್ದಾ ಅಂತ ಬಾಯಿಬಿಟ್ಟು ಮಾತಾಡಿಕೊಳ್ಳಿ. ಕಾನೂನನ್ನು ನಂಬಿ ಕೂರಬೇಡಿ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕೊರಿಯೋಗ್ರಫಿಗೆ ನಾಟಕ ಕೃತಿಯ ಸಾಲಿನಲ್ಲಿ ಜಾಗವೇನೋ ಇದೆ, ಆದರೆ ಅದು ಬರಹದಲ್ಲೋ ಬೇರೆ ರೀತಿಯಲ್ಲೋ ದಾಖಲಾಗಿರಬೇಕು. ವೃತ್ತದಲ್ಲಿ ಆ ಹೊತ್ತಿಗೆ ಹುಟ್ಟಿ ಹೋದ ಫ್ರೀಸ್ಟೈಲ್ ಅದಕ್ಕೆ ಸಿಗುವುದು ಕಷ್ಟ. ನಾಳೆ ಪೋಸ್ಟರ್‌ನಲ್ಲಿ ಕೊರಿಯೋಗ್ರಫಿ ಅಂತ ಒಬ್ಬರದೇ ಹೆಸರು ಬಂದರೆ, ಖಾಲಿ ಜಾಗಗಳನ್ನೆಲ್ಲ ತುಂಬಿದ ಉಳಿದ ನಾಲ್ವರು ಬರೀ ಡ್ಯಾನ್ಸರ್‌ಗಳಾಗಿಬಿಡುತ್ತಾರೆ. ಯಾರ ಯಾರ ಹೆಸರು ಹಾಕಬೇಕು, ದುಡ್ಡು ಬಂದರೆ ಹೇಗೆ ಹಂಚಬೇಕು, ಗುಂಪು ಬಿಟ್ಟು ಹೋದವರ ಭಾಗವನ್ನು ಬೇರೆಯವರು ಮಾಡಬಹುದೇ ಅನ್ನುವುದನ್ನೆಲ್ಲ ಮೊದಲ ಶೋಗೆ ಮುಂಚೆಯೇ ಬರೆದಿಟ್ಟುಕೊಳ್ಳಿ, ಗುಂಪಿನ ವಾಟ್ಸ್‌ಆ್ಯಪ್‌ನಲ್ಲಾದರೂ ಸರಿ.