ಕಾಲು ಊದಿಕೊಂಡರೆ ನೀರು ಕುಡಿಯೋದು ಕಡಿಮೆ ಮಾಡಬೇಕಾ?

ಪ್ರಶ್ನೆ: ನಮ್ಮದು ಮದ್ದೂರಿನ ಹತ್ತಿರ ಒಂದು ಹಳ್ಳಿ. ತಾಯಿಗೆ 58 ವರ್ಷ, ಬಿಪಿ ಮಾತ್ರೆ ತಗೋತಾರೆ. ಸಂಜೆ ಆಗ್ತಿದ್ದ ಹಾಗೆ ಎರಡೂ ಪಾದ ಊದಿಕೊಳ್ಳುತ್ತೆ, ಬೆಳಗ್ಗೆ ಇಳಿದಿರುತ್ತೆ. ಮೈಯಲ್ಲಿ ನೀರು ಜಾಸ್ತಿ ಆಗಿದೆ, ಕುಡಿಯೋದು ಕಮ್ಮಿ ಮಾಡಿ ಅಂತಾರೆ ಅಕ್ಕಪಕ್ಕದವರು. ನಿಜಾನಾ?

ಉತ್ತರ: ಬೇಡ, ಕಮ್ಮಿ ಮಾಡಬೇಡಿ. ಹೃದಯದ ಅಥವಾ ಕಿಡ್ನಿಯ ತೊಂದರೆ ನೋಡಿ ಡಾಕ್ಟರೇ ‘ದಿನಕ್ಕೆ ಇಷ್ಟೇ ಕುಡೀರಿ’ ಎಂದಿದ್ದರೆ ಮಾತು ಬೇರೆ.

ರಕ್ತದಲ್ಲಿರುವ ನೀರು ಅತಿ ಸಣ್ಣ ನಾಳಗಳಿಂದ ಸದಾ ಹೊರಗೆ ಜಿನುಗುತ್ತಲೇ ಇರುತ್ತದೆ. ಜಿನುಗಿದ್ದನ್ನು ದುಗ್ಧನಾಳಗಳು ಎತ್ತಿಕೊಂಡು ಮತ್ತೆ ರಕ್ತಕ್ಕೆ ಸೇರಿಸುತ್ತವೆ. ನಾಲೆ ನೀರು ಹರಿಯುವ ಗದ್ದೆಯಲ್ಲಿ ಬಸಿಗಾಲುವೆ ಕಟ್ಟಿಕೊಂಡರೆ ಜೌಗು ಹಿಡಿಯುತ್ತದಲ್ಲ, ಕಾಲಿನದೂ ಅದೇ ಕಥೆ. ಜಿನುಗುವುದು ಜಾಸ್ತಿಯಾದರೂ ಊತ, ಬಸಿಯುವುದು ಕಡಿಮೆಯಾದರೂ ಊತ. ನೀವು ಎಷ್ಟು ಲೋಟ ಕುಡಿದಿರಿ ಎನ್ನುವುದು ಇಲ್ಲಿ ದೊಡ್ಡ ವಿಷಯವೇ ಅಲ್ಲ. ಹೆಚ್ಚಾದ ನೀರನ್ನು ಚೆನ್ನಾಗಿರುವ ಕಿಡ್ನಿ ಕೆಲವೇ ಗಂಟೆಯಲ್ಲಿ ಆಚೆ ಹಾಕುತ್ತದೆ.

ಸಂಜೆಗೆ ಯಾಕೆ? ಸುಮ್ಮನೆ ನಿಂತಿದ್ದರೆ ಕಣಕಾಲಿನಿಂದ ರಕ್ತವನ್ನು ಮೇಲಕ್ಕೆ ಒಯ್ಯುವ ನಾಳದಲ್ಲಿ ಒತ್ತಡ, ಬಿಪಿ ಅಳೆಯುವ ಲೆಕ್ಕದಲ್ಲೇ ಹೇಳುವುದಾದರೆ, ಸುಮಾರು 90ಕ್ಕೆ ಏರುತ್ತದೆ. ನಡೆಯುತ್ತಿದ್ದರೆ ಮೀನಖಂಡದ ಸ್ನಾಯು ರಕ್ತವನ್ನು ಹಿಂಡಿ ಮೇಲಕ್ಕೆ ತಳ್ಳುತ್ತದೆ, ಒತ್ತಡ 30ರ ಆಸುಪಾಸಿಗೆ ಇಳಿಯುತ್ತದೆ. ಅದಕ್ಕೇ ದಿನವಿಡೀ ಆಲೆಮನೆ ಕೊಪ್ಪರಿಗೆ ಮುಂದೆ ನಿಂತವರಿಗೆ, ಅಂಗಡಿಯಲ್ಲಿ ಕಾಲು ಇಳಿಬಿಟ್ಟು ಕೂತವರಿಗೆ ಊತ ಜಾಸ್ತಿ.

ನಿಮ್ಮ ತಾಯಿಯ ಮಾತ್ರೆಯ ಹೆಸರು ನೋಡಿ. ಅಮ್ಲೋಡಿಪಿನ್ ಆಗಿದ್ದರೆ ನನ್ನ ಮೊದಲ ಅನುಮಾನ ಅದರ ಮೇಲೇ. ಪಾದ ಊದಿಸುವುದು ಆ ಮಾತ್ರೆಯ ಹಳೇ ಚಾಳಿ. ಹಾಗಂತ ನೀವೇ ನಿಲ್ಲಿಸಬೇಡಿ, ಬಿಪಿ ಏರುತ್ತದೆ. ಬೇರೆ ಮಾತ್ರೆಗೆ ಬದಲಾಯಿಸುವುದು ಡಾಕ್ಟರಿಗೆ ಕಷ್ಟದ ಕೆಲಸವಲ್ಲ. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ತಂದು ನುಂಗುವ ನೋವಿನ ಮಾತ್ರೆಯನ್ನೂ ಅವರಿಗೆ ಹೇಳಿ. ಅದೂ ಉಪ್ಪು, ನೀರನ್ನು ಮೈಯಲ್ಲೇ ಉಳಿಸುತ್ತದೆ.

ಕಮ್ಮಿ ಮಾಡಲೇಬೇಕು ಅನ್ನಿಸಿದರೆ ಉಪ್ಪನ್ನು ಕಮ್ಮಿ ಮಾಡಿ. ಆಸ್ಪತ್ರೆಯ ಸಲೈನ್ ಬಾಟಲಿಯಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿರುತ್ತದೆ. ಮೈಯಲ್ಲಿ ಉಳಿದ ಉಪ್ಪೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ನೀರು ಹಿಡಿದಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚವೂ ಇಲ್ಲ. ಮುದ್ದೆ ಜೊತೆ ಉಪ್ಪೆಸರು, ಪಕ್ಕದಲ್ಲಿ ಉಪ್ಪಿನಕಾಯಿ, ಮಧ್ಯಾಹ್ನ ಉಪ್ಪು ಹಾಕಿದ ಮಜ್ಜಿಗೆ. ಲೆಕ್ಕ ತಪ್ಪುವುದು ಸುಲಭ, ಅಲ್ವಾ?

ಇನ್ನು ಮನೆಯಲ್ಲೇ ಒಂದು ಪರೀಕ್ಷೆ. ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆಯ ಮೇಲೆ ಹೆಬ್ಬೆರಳನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬೆರಳು ತೆಗೆದ ಮೇಲೂ ಗುಳಿ ಉಳಿದರೆ ಅಲ್ಲಿ ನೀರು ನಿಂತಿದೆ ಎಂದರ್ಥ. ಗುಳಿ ಪಾದ ಬಿಟ್ಟು ಮೇಲೇರುತ್ತಿದ್ದರೆ, ಬೆಳಗ್ಗೆ ಮುಖವೂ ಊದಿದ್ದರೆ, ಮೂತ್ರದಲ್ಲಿ ನೊರೆ ಬರುತ್ತಿದ್ದರೆ, ಮಲಗಿದರೆ ಉಸಿರು ಕಟ್ಟುತ್ತಿದ್ದರೆ ತಡ ಮಾಡಬೇಡಿ. ಕಿಡ್ನಿ, ಲಿವರ್, ಹೃದಯ ಮೂರನ್ನೂ ನೋಡಿಸಬೇಕು.

ಎರಡೂ ಕಾಲು ಊದಿದರೆ ಸಾಮಾನ್ಯವಾಗಿ ಯೋಚಿಸಲು ಸಮಯ ಇರುತ್ತದೆ. ಒಂದೇ ಕಾಲು ದಿಢೀರನೆ ಊದಿ, ಮೀನಖಂಡ ನೋಯುತ್ತಾ ಬಿಸಿಯಾಗಿದ್ದರೆ ಹೆದರಲೇಬೇಕು. ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ನಮ್ಮಲ್ಲಿ ಉಳುಕು ಅಂದುಕೊಂಡು ಎಣ್ಣೆ ಹಚ್ಚಿ ನೀವುತ್ತಾರೆ. ದಯವಿಟ್ಟು ನೀವಬೇಡಿ, ಹೆಪ್ಪಿನ ಚೂರು ಕಿತ್ತು ಹೃದಯದ ಮೂಲಕ ಶ್ವಾಸಕೋಶಕ್ಕೆ ಹೋಗಿ ಕೂತರೆ ಪ್ರಾಣವೇ ಹೋಗಬಹುದು. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ದೊಡ್ಡ ಕಡೆ ಅವತ್ತೇ ತೋರಿಸಿ. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ತಿಳಿಯುತ್ತದೆ. ಸೊಂಟ ಮುರಿದು ಮಲಗಿದವರು, ದೊಡ್ಡ ಆಪರೇಷನ್ ಆದವರು, ಕ್ಯಾನ್ಸರ್ ಇರುವವರಿಗೆ ಈ ಅಪಾಯ ಹೆಚ್ಚು.

ಬಾಣಂತಿಯರಿಗೂ ಹೆಚ್ಚು. ನೀರು ಕಮ್ಮಿ ಕುಡೀಬೇಕು ಅನ್ನುವ ಮಾತು ನನಗೆ ಸಿಟ್ಟು ತರಿಸುವುದು ಇಲ್ಲೇ. ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗದಿರಲಿ ಎಂದು ಗರ್ಭಿಣಿಯ ರಕ್ತ ಬೇಗ ಹೆಪ್ಪುಗಟ್ಟುವ ಹಾಗೆ ಬದಲಾಗಿರುತ್ತದೆ. ಹೆರಿಗೆಯಾಗಿ ಆರು ವಾರದವರೆಗೂ ಅದು ಪೂರ್ತಿ ಮೊದಲಿನಂತಾಗುವುದಿಲ್ಲ. ಅಂಥವಳನ್ನು ಕೋಣೆಯಲ್ಲಿ ಮಲಗಿಸಿ, ಹೊಟ್ಟೆ ದಪ್ಪ ಆಗುತ್ತೆ, ಶೀತ ಆಗುತ್ತೆ ಎಂದು ನೀರಿಗೆ ಅಳತೆ ಹಾಕುತ್ತಾರೆ. ರಕ್ತ ಗಟ್ಟಿಯಾಗಿ, ಹರಿವು ನಿಧಾನವಾಗಿ, ಮೆದುಳಿನ ರಕ್ತನಾಳದಲ್ಲೇ ಹೆಪ್ಪುಗಟ್ಟಬಹುದು. ಬಿಡದ ತಲೆನೋವು, ಫಿಟ್ಸ್, ಕೈಕಾಲು ಸ್ವಾಧೀನ ತಪ್ಪುವುದು ಕಂಡರೆ ಸನ್ನಿ ಎಂದು ದೃಷ್ಟಿ ತೆಗೆಸುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ. ಅಜ್ಜಿ ಬಿಸಿನೀರೇ ಕೊಡಬೇಕು ಅಂದರೆ ಬಿಸಿನೀರೇ ಆಗಲಿ, ಜಗಳ ಬೇಡ. ಆದರೆ ಕೇಳಿದಷ್ಟೂ ಕೊಡಿ, ದಿನಕ್ಕೆ ನಾಲ್ಕು ಸಲವಾದರೂ ಎಬ್ಬಿಸಿ ಮನೆಯೊಳಗೇ ಓಡಾಡಿಸಿ.