ಬೋರ್ ಆದರೂ ಸ್ಟಾಕ್, ಬೋಲ್ಟ್ ಬಿಚ್ಚದಿದ್ದರೂ ಮಾಡಿಫೈಡ್

ಹೋದ ತಿಂಗಳು ಬೆಳಗಾವಿಯ ನನ್ನ ಗ್ಯಾರೇಜಿಗೆ ಒಂದೇ ದಿನ ಎರಡು ಗಾಡಿ ಬಂದವು. ಬೆಳಿಗ್ಗೆ ಬಂದದ್ದು ಗೋಕಾಕ ಕಡೆಯ ಹುಡುಗನ ಸ್ವಿಫ್ಟ್ ಡೀಸೆಲ್. ಸೆಕೆಂಡ್ ಹ್ಯಾಂಡ್, ಕೊಂಡು ಎರಡು ತಿಂಗಳಾಗಿತ್ತು. "ಕಾಕಾ, ಇಂಜನ್ನಿಗೆ ಯಾರೂ ಕೈ ಹಚ್ಚಿಲ್ರಿ, ಕಂಪನಿದ್ದದ್ದು ಹಂಗ ಐತಿ. ಆದ್ರ ಘಾಟ್ ಏರುವಾಗ ಬರೇ ಆವಾಜ್ ಬರ್ತೈತಿ, ಗಾಡಿ ಎಳೆಯಂಗಿಲ್ಲ" ಅಂದ.

ಮಧ್ಯಾಹ್ನ ಟಿಳಕವಾಡಿಯ ನಿವೃತ್ತ ಮಾಸ್ತರರು ತಮ್ಮ ಹಳೆ ಮಾರುತಿ 800 ತಂದರು. ಅದನ್ನು ಮಾರಲು ಹೊರಟಿದ್ದರು. ಎಂಜಿನ್ ಬೋರ್ ಆಗಿದೆ, ಅಂದರೆ ಸವೆದ ಸಿಲಿಂಡರನ್ನು ಕೊರೆದು ಅಗಲ ಮಾಡಿದೆ ಅಂತ ಗೊತ್ತಾದ ಕೂಡಲೇ ಕೊಳ್ಳುವವನು "ಇದು ಮಾಡಿಫೈ ಗಾಡಿ" ಅಂತ ಬೆಲೆ ಇಳಿಸಿದ್ದನಂತೆ. ಮಾಸ್ತರರಿಗೆ ದುಡ್ಡಿಗಿಂತ ಆ ಮಾತೇ ಜಾಸ್ತಿ ನೋವಾಗಿತ್ತು. "ನಾನು ಏನೂ ಮಾಡಿಸಿಲ್ಲಲ್ರೀ, ರಿಪೇರಿ ಅಷ್ಟೇ ಅಲ್ವಾ?" ಅಂದರು.

ಮಾಸ್ತರರ ಗಾಡಿಯೇ ಸ್ಟಾಕ್, ಅಂದರೆ ಕಂಪನಿ ಹೇಳಿದಂತೆ ಇರುವ ಗಾಡಿ. ಯಾರೂ ಕೈ ಹಚ್ಚಿಲ್ಲ ಅಂದ ಸ್ವಿಫ್ಟ್ ಮಾಡಿಫೈಡ್. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆ 800 ಎಂಜಿನ್ ಬೋರ್ ಮಾಡಿಸಿದ್ದು ನಾನೇ, ನಾಲ್ಕು ವರ್ಷದ ಹಿಂದೆ. ಹೊಗೆ ಬರುತ್ತಿತ್ತು, ಆಯಿಲ್ ಕುಡಿಯುತ್ತಿತ್ತು. ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಬಿಚ್ಚಿ, ಪಿಸ್ಟನ್ ತಲೆಯ ಮೇಲೆ ಕಟ್ಟಿದ್ದ ಕರಿಯನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದೆ. ಆಮೇಲೆ ಸಿಲಿಂಡರ್‌ನ ಒಳ ಅಗಲ ಅಳೆಯುವ ಬೋರ್ ಗೇಜ್ ಇಳಿಸಿದೆ. ಮೇಲೆ, ನಡುವೆ, ಕೆಳಗೆ ಅಂತ ಮೂರು ಜಾಗ. ಪ್ರತಿ ಜಾಗದಲ್ಲೂ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ. ಒಂದು ಸಿಲಿಂಡರ್‌ಗೆ ಆರು ಅಳತೆ. ಮೇಲಿನ ರಿಂಗ್ ತಿರುಗುವ ಜಾಗದಲ್ಲೇ ಸವೆತ ಜಾಸ್ತಿ ಇರುತ್ತದೆ, ಅಲ್ಲಿ ಬೆರಳಾಡಿಸಿದರೆ ಸಣ್ಣ ಮೆಟ್ಟಿಲು ಸಿಗುತ್ತದೆ. ಸಿಲಿಂಡರ್ ಗುಂಡಗೆ ಉಳಿದಿರಲಿಲ್ಲ. ಉದ್ಯಮಬಾಗದಲ್ಲಿ ಬೋರ್ ಮತ್ತು ಹೋನಿಂಗ್ (ಕೊರೆದ ಗೋಡೆಯನ್ನು ಉಜ್ಜಿ ನಯ ಮಾಡುವುದು) ಮಾಡಿಸಿ 0.50 ಓವರ್‌ಸೈಜ್, ಅಂದರೆ ಅರ್ಧ ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕಿದೆ.

ಈಗ ಲೆಕ್ಕ ನೋಡಿ. ಈ ಎಂಜಿನ್ನಿನ ಬೋರ್, ಅಂದರೆ ಸಿಲಿಂಡರ್‌ನ ಒಳ ಅಗಲ, 68.5 ಮಿಲಿಮೀಟರ್; ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 72; ಸಿಲಿಂಡರ್ ಮೂರು. ಸಿಲಿಂಡರ್‌ನ ಘನ ಅಳತೆ ಲೆಕ್ಕ ಹಾಕಿ ಮೂರರಿಂದ ಗುಣಿಸಿದರೆ 796 ಸಿಸಿ ಬರುತ್ತದೆ. ಬೋರ್ 69 ಆದರೆ ಅದು ಸುಮಾರು 808. ಅಂದರೆ 12 ಸಿಸಿ ಹೆಚ್ಚು. ಬರೀ ಲೆಕ್ಕ ಹಿಡಿದು ಕೂತರೆ ಎಂಜಿನ್ ದೊಡ್ಡದಾಗಿದೆ, ನಿಜ. ಆದರೆ 0.25 ಮತ್ತು 0.50 ಓವರ್‌ಸೈಜ್ ಪಿಸ್ಟನ್‌ಗಳನ್ನು ಕಂಪನಿಯ ಸರ್ವಿಸ್ ಪುಸ್ತಕವೇ ಒಪ್ಪುತ್ತದೆ. ಎಂಜಿನ್ ಸವೆಯುತ್ತದೆ ಅಂತ ಅದನ್ನು ಮಾಡಿದವರಿಗೇ ಗೊತ್ತು. ಸವೆದಾಗ ಇಲ್ಲಿಯವರೆಗೆ ಕೊರೆಯಬಹುದು ಅಂತ ಅವರೇ ಜಾಗ ಬಿಟ್ಟಿರುತ್ತಾರೆ. ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ಸವೆದಾಗ ಅದನ್ನು ಗ್ರೈಂಡ್ ಮಾಡಿ, ಅದಕ್ಕೆ ಹೊಂದುವ ಅಂಡರ್‌ಸೈಜ್ ಬೇರಿಂಗ್ ಹಾಕುವುದೂ ಹೀಗೆಯೇ. ಪುಸ್ತಕದ ಒಳಗಿನ ಕೆಲಸ ರಿಪೇರಿ. ರಿಪೇರಿ ಆದ ಎಂಜಿನ್ ಸ್ಟಾಕ್ ಎಂಜಿನ್ನೇ.

ಸ್ಟಾಕ್ ಅಂದರೆ ಯಾರೂ ಮುಟ್ಟಿಲ್ಲ ಅಂತ ಅಲ್ಲ. ಲಕ್ಷ ಕಿಲೋಮೀಟರ್ ದಾಟಿದ ಎಂಜಿನ್ ಮುಟ್ಟದೇ ಇದ್ದರೆ ಅದರ ಅಳತೆಗಳೇ ಕಂಪನಿ ಅಳತೆಯಿಂದ ದೂರ ಹೋಗಿರುತ್ತವೆ. ಆ ಮಾಡೆಲ್‌ಗೆ ಕಂಪನಿ ಹೇಳಿದ ಅಳತೆ, ಕಂಪನಿ ಹೇಳಿದ ಜೋಡಿ, ಇವೆರಡೂ ಇದ್ದರೆ ಅದು ಸ್ಟಾಕ್.

ಜೋಡಿ ಅಂದದ್ದಕ್ಕೆ ಕಾರಣವಿದೆ. ಅಂಬಾಸಿಡರ್ ನೆನಪಿಸಿಕೊಳ್ಳಿ. ಹಳೆಯ ಗಾಡಿಗಳಲ್ಲಿ 1489 ಸಿಸಿ ಪೆಟ್ರೋಲ್ ಎಂಜಿನ್ ಇತ್ತು. 1990ರ ದಶಕದಲ್ಲಿ ಇಸುಜು 1817 ಸಿಸಿ ಎಂಜಿನ್ ಇರುವ ಗಾಡಿಯೂ ಬಂತು. 1975ರ ಗಾಡಿಗೆ ಆ ಇಸುಜು ಎಂಜಿನ್ ಕೂರಿಸಿದರೆ? ಎಂಜಿನ್ ಕಂಪನಿದೇ, ಗಾಡಿ ಕಂಪನಿದೇ. ಜೋಡಿ ಮಾತ್ರ ಕಂಪನಿದಲ್ಲ. ಎಂಜಿನ್ ಒಳಗೆ ಒಂದು ನಟ್ ಕೂಡ ಬದಲಾಗದಿದ್ದರೂ ಅದು ಮಾಡಿಫೈಡ್ ಗಾಡಿ.

ಒಂದೇ ಕೆಲಸ ರಿಪೇರಿಯೂ ಆಗಬಹುದು, ಮಾಡಿಫೈ ಕೆಲಸವೂ ಆಗಬಹುದು. ಹೆಡ್ ಫೇಸಿಂಗ್ ತಗೊಳ್ಳಿ. ಗಾಡಿ ಹೀಟ್ ಆಗಿ ಹೆಡ್ ಬೆಂಡಾದರೆ ಮಷಿನ್‌ನಲ್ಲಿ ಸಮ ಮಾಡಲೇಬೇಕು. 800ರ ಹೆಡ್‌ಗೆ 0.05 ಮಿಲಿಮೀಟರ್‌ವರೆಗಿನ ಡೊಂಕು ಮಾತ್ರ ನಡೆಯುತ್ತದೆ. ಸಮ ಆಗುವಷ್ಟು ತೆಗೆದರೆ ರಿಪೇರಿ. ಆದರೆ ಪಿಕಪ್ ಬರಲಿ ಅಂತ ಅರ್ಧ ಮಿಲಿಮೀಟರ್ ತೆಗೆಸುವವರಿದ್ದಾರೆ. ಆಗ ಪ್ರತಿ ಸಿಲಿಂಡರ್‌ನ ಮೇಲೆ ಹೆಚ್ಚುಕಡಿಮೆ ಒಂದೂವರೆ ಸಿಸಿ ಜಾಗ ಕಡಿಮೆಯಾಗುತ್ತದೆ, ಕಂಪ್ರೆಶನ್, ಅಂದರೆ ಒಳಗಿನ ಒತ್ತಡ, ಏರುತ್ತದೆ. ಮಾಮೂಲಿ ಪೆಟ್ರೋಲಿಗೆ ಎಂಜಿನ್ ನಾಕ್ ಹೊಡೆಯಲು (ಒಳಗೆ ಟಕಟಕ ಸದ್ದು ಮಾಡಲು) ಶುರುವಾಗುತ್ತದೆ. ಹೆಡ್ ಕೆಳಗೆ ಬಂದದ್ದರಿಂದ ಬೆಲ್ಟ್‌ನ ಲೆಕ್ಕ ತಪ್ಪಿ ಕ್ಯಾಮ್ ಟೈಮಿಂಗೂ (ವಾಲ್ವ್ ತೆರೆದು ಮುಚ್ಚುವ ಹೊತ್ತು) ಸ್ವಲ್ಪ ಹಿಂದೆ ಬೀಳುತ್ತದೆ. ಮಷಿನ್ ಒಂದೇ, ಆಪರೇಟರ್ ಒಬ್ಬನೇ. ಬೆಳಗಾವಿಯಲ್ಲಿ ಇಷ್ಟೊಂದು ಫೌಂಡ್ರಿ, ಮಷಿನ್ ಶಾಪ್ ಇವೆ. ಲೋಹ ತೆಗೆಯುವುದು ನಮ್ಮೂರಿಗೆ ದೊಡ್ಡ ಮಾತಲ್ಲ. ಎಲ್ಲಿ ನಿಲ್ಲಿಸಬೇಕು ಅಂತ ಹೇಳಿ ಕಳಿಸುವುದು ನಮ್ಮ ಕೆಲಸ.

ಇನ್ನು ಆ ಸ್ವಿಫ್ಟ್. ಮೇಲಿಂದ ನೋಡಿದರೆ ಹುಡುಗ ಹೇಳಿದ್ದು ಸರಿ ಅನ್ನಿಸುತ್ತಿತ್ತು. ಹೆಡ್ ಬೋಲ್ಟ್‌ಗಳ ಮೇಲೆ ಪಾನಾ ಬಿದ್ದ ಗುರುತಿಲ್ಲ. ಎಂಜಿನ್ ನಂಬರ್ ಆರ್‌ಸಿಗೆ ಸರಿಯಾಗಿ ಹೊಂದುತ್ತಿತ್ತು. ಎಂಜಿನ್ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಕೊಂಡು ವಂಟಮುರಿ ಘಾಟ್‌ವರೆಗೆ ಹೋದೆವು. ಏರಿನಲ್ಲಿ ಮೂರನೇ ಗೇರ್‌ನಲ್ಲಿ ಒತ್ತಿದಾಗ ಆರ್‌ಪಿಎಂ ಮುಳ್ಳು ಸರ್ರನೆ ಮೇಲೆ ಹೋಯಿತು. ಸ್ಪೀಡ್ ಮುಳ್ಳು ಅಲ್ಲೇ ನಿಂತಿತ್ತು. ಸುಟ್ಟ ಕ್ಲಚ್ ವಾಸನೆ ಬಂತು. ಸ್ಕ್ಯಾನರ್‌ನಲ್ಲಿ ಟರ್ಬೊ ಒತ್ತಡ ಇರಬೇಕಾದ್ದಕ್ಕಿಂತ ಜಾಸ್ತಿ ಇತ್ತು. ವಾಪಸ್ ಬಂದು ಇಜಿಆರ್ ವಾಲ್ವ್ (ಸುಟ್ಟ ಹೊಗೆಯ ಸ್ವಲ್ಪ ಭಾಗವನ್ನು ಎಂಜಿನ್ನಿಗೆ ವಾಪಸ್ ಬಿಡುವ ವಾಲ್ವ್) ಬಿಚ್ಚಿದೆ. ಗ್ಯಾಸ್ಕೆಟ್ ಜಾಗದಲ್ಲಿ ತೂತಿಲ್ಲದ ಉಕ್ಕಿನ ತಗಡು ಕೂತಿತ್ತು. ಯಾರೋ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ರೀಮ್ಯಾಪ್ ಮಾಡಿ, ಅಂದರೆ ಅದರ ಸಾಫ್ಟ್‌ವೇರ್ ಬದಲಿಸಿ, ಇಜಿಆರ್ ಮುಚ್ಚಿ, ಮಾರಿದ್ದರು.

ಈ 1248 ಸಿಸಿ ಡೀಸೆಲ್ ಎಂಜಿನ್ ಮೂಲದಲ್ಲಿ ಫಿಯೆಟ್‌ನದು. ಸ್ವಿಫ್ಟ್‌ನಲ್ಲಿ ಶಕ್ತಿ 75 ಪಿಎಸ್, ಟಾರ್ಕ್ (ತಿರುಗಿಸುವ ಬಲ) 190 ನ್ಯೂಟನ್ ಮೀಟರ್. ಮಾರುತಿಯದೇ ಇನ್ನೊಂದು ಕಾರು ಎಸ್‌ಎಕ್ಸ್4ನಲ್ಲಿ ಇದೇ ಎಂಜಿನ್ 90 ಪಿಎಸ್, 200 ನ್ಯೂಟನ್ ಮೀಟರ್. "ಕಂಪನಿನೇ 90 ಕೊಟ್ಟೈತಿ, ನಾವೂ ಸಾಫ್ಟ್‌ವೇರ್‌ನಾಗ ಏರಿಸಿದ್ರ ಏನಾಗ್ತೈತಿ?" ಅಂತ ಎಷ್ಟೋ ಹುಡುಗರು ಕೇಳುತ್ತಾರೆ. ಕಂಪನಿ ಏನು ಮಾಡಿತು ನೋಡಿ. 15 ಪಿಎಸ್ ಹೆಚ್ಚಿಸಲು ಟರ್ಬೊವನ್ನೇ ಬದಲಿಸಿತು, ಒಳಗಿನ ರೆಕ್ಕೆಗಳ ಕೋನ ಬದಲಾಗುವಂಥದ್ದು ಹಾಕಿತು. ಇಷ್ಟಾದರೂ ಟಾರ್ಕ್ ಏರಿಸಿದ್ದು ಬರೀ 10. ಕ್ಲಚ್ ಮತ್ತು ಗೇರ್‌ಬಾಕ್ಸ್‌ನ ಮೇಲೆ ಬೀಳುವ ಭಾರ ಟಾರ್ಕ್‌ನದು. ರೀಮ್ಯಾಪ್ ಮಾಡುವವರು ಆ ಟಾರ್ಕನ್ನೇ ಎತ್ತುತ್ತಾರೆ, ಯಾಕೆಂದರೆ ಓಡಿಸುವವನಿಗೆ ಬೆನ್ನಿಗೆ ತಟ್ಟುವುದು ಅದೇ. ಮೊದಲು ಹೋಗುವುದು ಕ್ಲಚ್.

ಹಿಂದೆ ಇದು ಕಣ್ಣಿಗೆ ಕಾಣುತ್ತಿತ್ತು. ಕಬ್ಬು ಎಳೆಯುವ ಟ್ರ್ಯಾಕ್ಟರ್‌ಗಳಿಗೆ ಡೀಸೆಲ್ ಪಂಪ್ ಏರಿಸುವುದು, ಅಂದರೆ ಎಳೆತ ಬರಲಿ ಅಂತ ಜಾಸ್ತಿ ಡೀಸೆಲ್ ಬಿಡುವುದು, ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ. ಪಂಪ್‌ನ ಸ್ಕ್ರೂಗೆ ಕಂಪನಿ ಸೀಲ್ ಇರುತ್ತಿತ್ತು. ಸೀಲ್ ಒಡೆದಿದ್ದರೆ ಕತೆ ಅಲ್ಲೇ ತಿಳಿಯುತ್ತಿತ್ತು. ಇಸಿಯು ಬಂದ ಮೇಲೆ ಸೀಲ್ ಒಡೆಯದೆಯೇ ಕೆಲಸ ಆಗುತ್ತದೆ, ಗುರುತೂ ಉಳಿಯುವುದಿಲ್ಲ. ಅದಕ್ಕೇ ಸೆಕೆಂಡ್ ಹ್ಯಾಂಡ್ ಟರ್ಬೊ ಡೀಸೆಲ್ ಕೊಳ್ಳುವವರು ಸ್ಕ್ಯಾನರ್ ಹಾಕಿ ಏರಿನಲ್ಲಿ ಓಡಿಸದೆ ದುಡ್ಡು ಕೊಡಬೇಡಿ.

ಕಾಗದದ ಲೆಕ್ಕ ಬೇರೆ. ಆರ್‌ಸಿಯಲ್ಲಿ ಎಂಜಿನ್ ನಂಬರ್, ಸಿಸಿ, ಇಂಧನ ಎಲ್ಲ ಬರೆದಿರುತ್ತದೆ. ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದಂತೆ ಗಾಡಿ ಬದಲಿಸಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಅಂತ ಬಂತು. ಸಿಎನ್‌ಜಿ ಕಿಟ್‌ಗೆ ದಾರಿ ಇದೆ. ಮೊದಲು ಒಪ್ಪಿಗೆ ತಗೊಂಡು ಒಪ್ಪಿತ ಕಿಟ್ ಹಾಕಿಸಿ, ಆರ್‌ಸಿಯಲ್ಲಿ ಬರೆಸಿ, ವಿಮೆಯವರಿಗೂ ತಿಳಿಸಬೇಕು. ಎಂಜಿನ್ ಬದಲಿಸುವುದಿದ್ದರೂ ಮೊದಲು ಆರ್‌ಟಿಓ.

ರೇಸಿನವರ ಕಣ್ಣು ನಮಗಿಂತ ಬಿಗಿ. ಅಮೆರಿಕದ ಕಾರ್ ರೇಸ್ ಸಂಸ್ಥೆ ನಾಸ್ಕಾರ್‌ನವರು 1949ರ ಜೂನ್ 19ರಂದು ಷಾರ್ಲೆಟ್‌ನಲ್ಲಿ 'ಅಪ್ಪಟ ಸ್ಟಾಕ್' ಗಾಡಿಗಳ ಮೊದಲ ರೇಸ್ ಇಟ್ಟರು. ಮೊದಲು ಬಂದ ಗ್ಲೆನ್ ಡನವೇಯ ಫೋರ್ಡ್‌ನಲ್ಲಿ ಹಿಂದಿನ ಸ್ಪ್ರಿಂಗ್ ಬದಲಾಗಿದ್ದು ಕಂಡು ಗೆಲುವನ್ನೇ ಕಿತ್ತುಕೊಂಡರು. ಅಲ್ಲಿ 'ರಿಪೇರಿ' ಅನ್ನುವ ಮಾತಿಗೆ ನಿಯಮ ಪುಸ್ತಕದ ಸಾಕ್ಷಿ ಬೇಕು. ನಮ್ಮ ಗ್ಯಾರೇಜುಗಳಿಗೂ ಅಂಥ ಸಾಕ್ಷಿ ಬೇಕು ಅಂತ ನನಗೆ ಬಹಳ ದಿನದಿಂದ ಅನ್ನಿಸುತ್ತದೆ.

ಹುಡುಗನಿಗೆ ಇಸಿಯು ಕಂಪನಿ ಫೈಲ್‌ಗೆ ವಾಪಸ್ ಮಾಡಿಸಿದೆವು, ತಗಡು ತೆಗೆದು ಇಜಿಆರ್ ತೊಳೆದೆವು, ಹೊಸ ಕ್ಲಚ್ ಹಾಕಿದೆವು. ಖರ್ಚು ಕೇಳಿ ಅವನ ಮುಖ ಸಣ್ಣದಾಯಿತು, ನನಗೂ ಕೆಟ್ಟದೆನಿಸಿತು. ಮಾಸ್ತರರಿಗೆ ನಾಲ್ಕು ವರ್ಷದ ಹಿಂದಿನ ನನ್ನ ವಹಿ ತೆಗೆದು ಬಿಲ್ಲಿನ ನಕಲು ಬರೆದುಕೊಟ್ಟೆ: ಬೋರ್ 69.00, ಪಿಸ್ಟನ್ 0.50 ಓವರ್‌ಸೈಜ್, ಹೆಡ್ ಡೊಂಕಿಲ್ಲ, ಫೇಸಿಂಗ್ ಮಾಡಿಲ್ಲ. ಅದನ್ನು ಆರ್‌ಸಿ ಜೊತೆ ಇಟ್ಟುಕೊಂಡು ಹೋದರು. ಕೊಳ್ಳುವವನು ಮರುದಿನ ನನಗೇ ಫೋನ್ ಮಾಡಿ, ಆ 0.50 ಅಂದರೆ ಏನು ಅಂತ ಕೇಳಿದ. ಹತ್ತು ನಿಮಿಷ ಮಾತಾಡಿದೆವು.