ಕುದಿಸಿದರೆ ಕ್ರೋಮಿಯಂ ಹೋಗುವುದಿಲ್ಲ

ಹಾಸನದಲ್ಲಿ ಕುಡಿಯುವ ನೀರಿನ ಪರೀಕ್ಷೆ ಮಾಡುವ ನನಗೆ, ವರದಿ ಕೈಗಿತ್ತಾಗಲೆಲ್ಲ ಕೇಳಿಬರುವ ಮಾತು ಒಂದೇ: ‘ಚೆನ್ನಾಗಿ ಕುದಿಸಿ ಕುಡಿತೀವಿ ಬಿಡಿ, ಸಾರ್.’ ಕುದಿಸಿದರೆ ರೋಗಾಣು ಸಾಯುತ್ತದೆ, ಲೋಹ ಎಲ್ಲಿಗೂ ಹೋಗುವುದಿಲ್ಲ. ಲೀಟರಿಗೆ 0.06 ಮಿಲಿಗ್ರಾಂ ಕ್ರೋಮಿಯಂ ಇರುವ 10 ಲೀಟರ್ ನೀರನ್ನು ಒಲೆಯ ಮೇಲಿಟ್ಟು, ಅದು 8 ಲೀಟರಿಗೆ ಇಳಿಯುವವರೆಗೆ ಕುದಿಸಿದರೆ, ಆವಿಯಾಗಿ ಹೋಗುವುದು ನೀರು ಮಾತ್ರ; ಇದ್ದ 0.6 ಮಿಲಿಗ್ರಾಂ ಪಾತ್ರೆಯಲ್ಲೇ ಉಳಿದು, ಲೀಟರಿಗೆ 0.075 ಆಗುತ್ತದೆ. ಭಾರತೀಯ ಮಾನಕದ ಮಿತಿ 0.05, ಅದರಲ್ಲಿ ಸಡಿಲಿಕೆಯೂ ಇಲ್ಲ. ಈ ಪ್ರಮಾಣದಲ್ಲಿ ಕ್ರೋಮಿಯಂಗೆ ಬಣ್ಣವಿಲ್ಲ, ರುಚಿಯಿಲ್ಲ. ಆದ್ದರಿಂದ ‘ನೀರು ತಿಳಿಯಾಗಿದೆ’ ಎಂಬ ಸಮಾಧಾನಕ್ಕೂ ಬೆಲೆಯಿಲ್ಲ.

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಕಡೆಯ ಬಂಡೆಯಲ್ಲೇ ಕ್ರೋಮೈಟ್, ಅಂದರೆ ಕ್ರೋಮಿಯಂ ಅದಿರು, ಇದೆ; ನೀರಿಗೆ ಅದು ಬಂಡೆಯಿಂದಲೂ ಬಂದಿರಬಹುದು. ಹಾಗಾಗಿ ಒಂದು ವರದಿ ಹಿಡಿದು ಯಾವ ಗಣಿಯ ಮೇಲೂ ದೋಷ ಹೊರಿಸಲು ನಾನು ಒಪ್ಪುವುದಿಲ್ಲ. ಮಳೆಗೆ ಮುಂಚೆ, ಮಳೆಯ ನಂತರ, ಗಣಿಯ ಮೇಲುಗಡೆ ಮತ್ತು ಕೆಳಗಡೆ ತೆಗೆದ ಮಾದರಿಗಳನ್ನು ಹೋಲಿಸಬೇಕು.

ಆ ಕಡೆಯಿಂದಲೇ ಗಣಿ ನಿಂತು ಕೆಲಸ ಕಳೆದುಕೊಂಡ ಹಿರಿಯರೊಬ್ಬರು ಹಣ್ಣಿನ ರಸದ ಹಳೆಯ ಬಾಟಲಿಯಲ್ಲಿ ಬೋರ್‌ವೆಲ್ ನೀರು ತಂದಿದ್ದರು. ಮುಚ್ಚಳ ತೆರೆದರೆ ಇನ್ನೂ ಮಾವಿನ ವಾಸನೆ. ‘ಯಜಮಾನರೇ, ಈ ಬಾಟಲಿಯದ್ದು ಲೆಕ್ಕಕ್ಕೆ ಬರುವುದಿಲ್ಲ’ ಎಂದು ಶುದ್ಧವಾದ ಬಾಟಲಿ ಕೊಟ್ಟು ಕಳಿಸಿದೆ. ಎರಡು ಬಸ್ಸು ಬದಲಿಸಿ ಬಂದವರನ್ನು ಹಾಗೆ ಹಿಂದಿರುಗಿಸಿದ್ದು ನನಗೆ ನೋವಾಯಿತು. ಅವರು ಮರುವಾರವೇ ಬಂದರು. ಬಾಟಲಿಯ ಜೊತೆಗೆ ಒಂದು ಹಾಳೆಯೂ ಇತ್ತು. ಬೋರಿನ ಆಳ, ಗಣಿಯ ತ್ಯಾಜ್ಯದ ಗುಡ್ಡೆಗೆ ಅದೆಷ್ಟು ದೂರ, ಮಳೆ ನೀರು ಯಾವ ಹಳ್ಳಕ್ಕೆ ಇಳಿಯುತ್ತದೆ ಎಂಬುದನ್ನೆಲ್ಲ ಪೆನ್ಸಿಲ್‌ನಲ್ಲಿ ಗುರುತು ಮಾಡಿದ್ದರು. ಅಷ್ಟು ಉಪಯುಕ್ತ ಟಿಪ್ಪಣಿ ನನ್ನ ಮೇಜಿಗೆ ಬಂದದ್ದು ಅಪರೂಪ.

2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ, ಗಣಿಗಾರಿಕೆಯಿಂದ ತೊಂದರೆಗೊಳಗಾದವರಿಗೆಂದೇ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಲ್ಲಿ ಕುಡಿಯುವ ನೀರು, ಕೌಶಲ ತರಬೇತಿ ಎರಡಕ್ಕೂ ಆದ್ಯತೆ ಇದೆ. ಊರು ಬಾಧಿತ ಪ್ರದೇಶವೆಂದು ಗುರುತಾಗಿದ್ದರೆ ಗ್ರಾಮಸಭೆಯ ಠರಾವಿನೊಂದಿಗೆ ಎರಡನ್ನೂ ಒಟ್ಟಿಗೇ ಕೇಳಬಹುದು: ಕೆಲಸ ಹೋದ ಗಣಿ ಕಾರ್ಮಿಕರಿಗೆ ಮಾದರಿ ಸಂಗ್ರಹದ ತರಬೇತಿ ಕೊಟ್ಟು, ವರ್ಷವಿಡೀ ಅವರಿಗೆ ಕೂಲಿ ಕೊಡಿ ಎಂದು. ನೆಲದ ಕೆಳಗೆ ಎಲ್ಲಿ ಅಗೆದಿದ್ದಾರೆ, ಎಲ್ಲಿ ನೀರು ತುಂಬಿದೆ ಎಂಬುದು ಅವರಿಗೆ ತಿಳಿದಷ್ಟು ನಮಗೆ ತಿಳಿಯದು.

ಹೊರಡುವಾಗ ಆ ಹಿರಿಯರು ಹಾಳೆಯ ಮೂಲೆಯ ಒಂದು ಗುರುತು ತೋರಿಸಿ, ‘ಹಳ್ಳದ ಪಕ್ಕದ ಬಾವೀದೂ ನೋಡ್ಬೇಕು ಸಾರ್, ಶಾಲೆ ಮಕ್ಕಳು ಅದನ್ನೇ ಕುಡಿಯೋದು’ ಎಂದರು. ಅದಕ್ಕೂ ಒಂದು ಬಾಟಲಿ ಕೊಟ್ಟು ಕಳಿಸಿದ್ದೇನೆ.